ಕುಂಕುಮ ಇಟ್ಟ ನಾಲ್ಕು ಜಾಗ

"ಕೈ ತೆಗೀರಿ ಮೇಡಂ! ಕಾರ್ ಕೆಳಗಿಂದ ಕೈ ತೆಗೀರಿ!"

ಕೂಗಿದ್ದು ಯಾರೆಂದು ನೋಡುವಷ್ಟರಲ್ಲಿ ಯಾರೋ ಹರಿಣಿಯ ತೋಳು ಹಿಡಿದು ಹಿಂದಕ್ಕೆಳೆದಿದ್ದರು. ಅವಳು ರಸ್ತೆಯಂಚಿನ ಮಣ್ಣಿನಲ್ಲಿ ಕುಸಿದು ಕೂತಳು. ಮರುಕ್ಷಣ ಜಾಕ್ ವಾಲಿತು. ಕಾರು ಧಡ್ ಎಂದು ನೆಲ ಕಚ್ಚಿತು.

ಕೆಳಗೆ ಉರುಳಿದ್ದ ನಟ್ಟಿಗಾಗಿ ಅವಳು ಕೈ ಚಾಚಿದ್ದು ಅಲ್ಲೇ...

"ಅಲ್ಲಿರೋದು ಬರೀ ತಗಡು," ಎಳೆದವನು ಗದರಿದ. "ತಗಡಿಗೆ ಜಾಕ್ ಇಕ್ತಾರೇನಮ್ಮ ಯಾರಾದ್ರೂ?"

ಹರಿಣಿಗೆ ಸಿಟ್ಟು ಬಂತು. ಎಷ್ಟು ಒರಟ ಇವನು! ಆದರೆ ಮರುಗಳಿಗೆಯಲ್ಲೇ ಅವನು ಏಟಾಗಿಲ್ಲ ತಾನೇ ಎಂದು ಅವಳ ಕೈ ತಿರುಗಿಸಿ ನೋಡಿದ, ಅವನ ಗ್ರೀಸು ಅವಳಿಗೂ ಮೆತ್ತಿತ್ತು.

ಅದೇ ದಾರಿಯಲ್ಲಿ ಬರುತ್ತಿದ್ದ ಅವನು ಅಂಬರೀಶ್. ಚಿಂತಾಮಣಿಯ ಚೇಳೂರು ರಸ್ತೆಯಲ್ಲಿ ಸ್ವಂತ ಗ್ಯಾರೇಜು. ಅವಳು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಆಫೀಸಿನಲ್ಲಿ ಕೆಲಸಕ್ಕಿದ್ದವಳು. ದಿನವೂ ಚಿಂತಾಮಣಿಯಿಂದ ಬಸ್ಸು. ಅಂದು ಮಾತ್ರ ಅಪ್ಪ ಕಣ್ಣು ತೋರಿಸಲು ಬೆಂಗಳೂರಿಗೆ ಹೋಗಿದ್ದರು. ಲೈಸೆನ್ಸ್ ಬಂದು ತಿಂಗಳಾದರೂ ಒಬ್ಬಳನ್ನೇ ಬಿಡದ ಅಪ್ಪನ ಕಾರನ್ನು ಅವಳು ಹೇಳದೆ ತಂದಿದ್ದಳು. ಅರ್ಧ ದಾರಿಯಲ್ಲಿ ಪಂಕ್ಚರ್.

ಅವನು ಹ್ಯಾಂಡ್ ಬ್ರೇಕ್ ಎಳೆದ. ಎದುರು ಮೂಲೆಯ ಚಕ್ರಕ್ಕೆ ಕಲ್ಲು ಒತ್ತಿಟ್ಟ. ಆಮೇಲೆ ಬಾಗಿಲ ಕೆಳಗಿನ ಅಂಚನ್ನು ತೋರಿಸಿ, ಅಲ್ಲಿ ಹುಡುಕಿ ಎಂದ. ತುಕ್ಕು ಹಿಡಿಯದಿರಲೆಂದು ಅಪ್ಪ ಕಾರಿನಡಿಗೆಲ್ಲ ಕಪ್ಪು ಬಣ್ಣ ದಪ್ಪಗೆ ಬಳಿಸಿದ್ದರು. ಅವಳಿಗೆ ಏನೂ ಕಾಣಲಿಲ್ಲ.

"ಕಣ್ಣಲ್ಲಲ್ಲ, ಬೆರಳಲ್ಲಿ ನೋಡಿ. ಮುಂದಿನ ಚಕ್ರದಿಂದ ಒಂದು ಗೇಣು ಹಿಂದೆ."

ಬೆರಳಿಗೆ ಎರಡು ಸಣ್ಣ ಕಚ್ಚು ಸಿಕ್ಕಿದವು. ನಡುವೆ ಗಟ್ಟಿ ಕಬ್ಬಿಣ.

"ಅದೇ. ಹಿಂದಿನ ಚಕ್ರದ ಮುಂದೂ ಇಂಥದ್ದೇ ಇರುತ್ತೆ. ಇಡೀ ಕಾರಿನ ಭಾರ ತಡೆಯೋ ಜಾಗ ನಾಲ್ಕೇ ಕಣಮ್ಮ. ಮಿಕ್ಕಿದ್ದೆಲ್ಲ ನೋಡೋಕಷ್ಟೇ ಗಟ್ಟಿ."

ಜಾಕ್ ತಿರುಗಿಸಲು ಅವಳಿಗೇ ಕೊಟ್ಟ. ಕಾರು ಅಲುಗದೆ ಮೇಲೆದ್ದಾಗ ಹರಿಣಿ ನಕ್ಕುಬಿಟ್ಟಳು. ಅವನೂ ನಕ್ಕ. ಒರಟನ ಕೆನ್ನೆಯಲ್ಲೂ ಗುಳಿ ಬೀಳುತ್ತದೆಯೇ...

ಆಮೇಲೆ ಅವಳು ಬಸ್ಸಿಳಿಯುವ ಹೊತ್ತಿಗೆ ಅವನು ಸರಿಯಾಗಿ ಗ್ಯಾರೇಜಿನ ಎದುರಿನ ಟೀ ಅಂಗಡಿಯಲ್ಲಿರುತ್ತಿದ್ದ. ಟೀ ಆರಿ ಹೋಗುತ್ತಿತ್ತು, ಮಾತು ಮುಗಿಯುತ್ತಿರಲಿಲ್ಲ. ಮನಸ್ಸಿನ ಮಾತನ್ನು ಮಾತ್ರ ಇಬ್ಬರೂ ಆಡಲಿಲ್ಲ.

ಆಯುಧಪೂಜೆಗೆ ನಾಲ್ಕು ದಿನವಿತ್ತು. ಹರಿಣಿಯ ಅಪ್ಪ ವೆಂಕಟರವಣಪ್ಪ ಕಾರನ್ನು ಅಂಬರೀಶನ ಗ್ಯಾರೇಜಿಗೇ ತೊಳೆಸಲು ಬಿಟ್ಟರು. ನಿವೃತ್ತ ಹೆಡ್‌ಮಾಸ್ಟರು. ಊರಿನಲ್ಲಿ ಅವರು ಹೇಳಿದ್ದೇ ನಿಜ. ಕಾರು ಮೇಲೆತ್ತಿದಾಗ ಅಡಿಯ ತಗಡು ತಗ್ಗಾಗಿದ್ದದ್ದು ಕಂಡಿತು. ನೆರೆದ ಜನರ ಮುಂದೆ ಅವರು ಕೂಗಾಡಿದರು. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ಜಾಕ್ ಎಲ್ಲಿ ಇಡಬೇಕೆಂದು ಇವನಿಗೇನು ಗೊತ್ತು ಎಂದರು.

ಅಂಬರೀಶ್ ಸ್ಪಾನರ್ ಕೆಳಗಿಟ್ಟು, ಕಾರು ಇಳಿಸಿ ಕೀಲಿ ಅವರ ಕೈಗೆ ಕೊಟ್ಟ.

ಮರುದಿನವೇ ಇಬ್ಬರು ಟ್ಯಾಕ್ಸಿಯವರು ತಮ್ಮ ಗಾಡಿ ವಾಪಸ್ ತೆಗೆದುಕೊಂಡು ಹೋದರು. ಹನ್ನೆರಡು ವರ್ಷ ದುಡಿದು ಗಳಿಸಿದ ಹೆಸರು ಒಂದು ಮಾತಿಗೆ ಹೋಯಿತು.

ಎರಡು ದಿನ ಅವನು ಟೀ ಅಂಗಡಿಗೆ ಬರದಾಗ ಹರಿಣಿ ವಿಚಾರಿಸಿದಳು, ಸುದ್ದಿ ಅಲ್ಲಿ ಅವಳ ಕಿವಿಗೆ ಬಿತ್ತು. ಗ್ಯಾರೇಜಿಗೆ ಓಡಿದಳು.

"ನಾನು ಮಾಡಿದ್ದು ಅಂತ ಯಾಕೆ ಹೇಳ್ಲಿಲ್ಲ?"

"ನೀವು ಹೇಳದೆ ಕಾರು ತಂದಿದ್ರಿ. ನಿಮ್ಮ ಗುಟ್ಟು ನಾನ್ಯಾಕೆ ಹೇಳ್ಲಿ?" ಅವನು ಮುಖ ಎತ್ತಲಿಲ್ಲ. "ಎರಡು ದಿನ ಆಯ್ತು. ಗ್ರೀಸು ಮೆತ್ಕೊಂಡಿರೋನ ಪರ ಮಾತಾಡೋಕೆ ನಿಮಗೂ ನಾಚಿಕೆ ಇರಬೇಕು. ಹೋಗ್ರಿ."

ಅಪ್ಪ ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ, ತನಗೆ ಗೊತ್ತಾಗಿದ್ದೇ ಈಗ ಎನ್ನಲು ಹೋದಳು. ಅವನು ಆಗಲೇ ಬೆನ್ನು ತಿರುಗಿಸಿದ್ದ. ನನ್ನನ್ನು ಇಷ್ಟೇನಾ ತಿಳ್ಕೊಂಡಿದ್ದು ಇವನು...

ಆ ಸಂಜೆ ಅಪ್ಪನೆದುರು ಎಲ್ಲವನ್ನೂ ಹೇಳಿದಳು. ಕೈ ಹೋಗಬೇಕಿತ್ತು ಅಪ್ಪ, ಉಳಿಸಿದ್ದು ಅವನೇ ಎಂದಳು. ವೆಂಕಟರವಣಪ್ಪ ಮಗಳ ಬೆರಳುಗಳನ್ನೇ ಬಹಳ ಹೊತ್ತು ನೋಡಿದರು. ಆ ರಾತ್ರಿ ಅವರು ಊಟಕ್ಕೆ ಏಳಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ. ಜಾಕು, ಸ್ಪಾನರುಗಳಿಗೆಲ್ಲ ವಿಭೂತಿ ಬಳಿದು ಅಂಬರೀಶ್ ಹೂ ಇಡುತ್ತಿದ್ದ. ಕಾರು ಬಂದು ನಿಂತಿತು. ಓಡಿಸುತ್ತಿದ್ದವಳು ಹರಿಣಿ! ಪಕ್ಕದಲ್ಲಿ ಹೆಡ್‌ಮಾಸ್ಟರು.

ಎದುರಿನ ಟೀ ಅಂಗಡಿಯವರು, ಟ್ಯಾಕ್ಸಿಯವರು ಎಲ್ಲರೂ ಬಂದು ಸೇರಿದರು. ಹರಿಣಿ ಪೂಜೆಗಿಟ್ಟಿದ್ದ ಜಾಕನ್ನು ಅವನನ್ನು ಕೇಳಿಯೇ ಎತ್ತಿಕೊಂಡಳು. ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಟ್ಟು, ಬಾಗಿಲ ಕೆಳಗೆ ಜಾಕ್ ಇಟ್ಟು ತಿರುಗಿಸಿದಳು. ಕಾರು ಅಲುಗದೆ ಎದ್ದಿತು.

"ತಗಡು ಬಗ್ಗಿಸಿದ್ದು ನಾನು," ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. "ಸರಿಯಾದ ಜಾಗ ಕಲಿಸಿದ್ದು ಇವರು."

ವೆಂಕಟರವಣಪ್ಪ ಮುಂದೆ ಬಂದರು. "ನನಗೇ ಗೊತ್ತಿರಲಿಲ್ಲ ಕಣಪ್ಪ, ಜಾಕ್ ಎಲ್ಲಿ ಇಡಬೇಕು ಅಂತ. ತಪ್ಪಾಯ್ತು." ಟ್ಯಾಕ್ಸಿಯವರತ್ತ ತಿರುಗಿ, ನನ್ನ ಕಾರು ಇನ್ನು ಇಲ್ಲಿಗೇ ಬರುವುದು ಎಂದರು.

ಅಂಬರೀಶ್ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಜಾಕಿನ ಪಕ್ಕದಲ್ಲಿ ಕೆಂಪಗೆ ಏನೋ ಕಂಡಿತು. ಬಗ್ಗಿ ಹಿಂದಿನ ಚಕ್ರದತ್ತ ನೋಡಿದ. ಅಲ್ಲೂ ಇತ್ತು.

ಊರೆಲ್ಲ ಬಾನೆಟ್ಟಿಗೆ ಕುಂಕುಮ ಇಡುವ ದಿನ, ಅವಳು ಮಂಡಿಯೂರಿ ಕಾರಿನಡಿಯ ಆ ನಾಲ್ಕು ಜಾಗಕ್ಕೆ ಇಟ್ಟು ತಂದಿದ್ದಳು.

ಜನ ಪ್ರಸಾದದ ಕಡೆ ಸರಿದರು. ಅವಳು ಅವನ ಪಕ್ಕ ಕೂತಳು.

"ಆವತ್ತು ಏನೇನೋ ಅಂದೆ," ಅವನು ಮೆಲ್ಲಗೆ ಹೇಳಿದ. "ಮನಸ್ಸಿಗೆ ತಗೋಬೇಡಿ."

"ತಗೊಂಡಾಯ್ತು. ಇನ್ನೇನು ಮಾಡ್ತೀರಾ?"

"ಜೀವನಪೂರ್ತಿ ಸಮಾಧಾನ ಮಾಡ್ತೀನಿ. ಒಪ್ತೀರಾ?"

ಹರಿಣಿಯ ಕಣ್ಣು ತುಂಬಿತು. ಅವನ ಗ್ರೀಸು ಮೆತ್ತಿದ ಕೈ ಹಿಡಿದುಕೊಂಡಳು.

"ಬಿಡಿ, ಕೈ ಕಪ್ಪಾಗುತ್ತೆ..."

"ಆವತ್ತು ಎಳೆದಾಗಲೇ ಆಗಿತ್ತು. ಅದಕ್ಕೆ ನಾನಿನ್ನೂ ಬೈದಿಲ್ಲ ಅಲ್ವಾ?"