ಅಪ್ಪ ಅಳಿಸದೆ ಬಿಟ್ಟ ಪುಟ

"ಎರಡು ಟ್ರಂಪೆಟ್‌ಗಳ ಕನ್ಸರ್ಟೊ... ಎರಡನೇ ವಾದಕನ ಸ್ವರಲಿಪಿ ಪುಸ್ತಕ ಬೇಕಿತ್ತು."

ಆ ದನಿ ಕೇಳಿದ್ದೇ ತಡ, ಅವಳ ಕೈಯಲ್ಲಿದ್ದ ರಬ್ಬರ್ ನಿಂತುಹೋಯಿತು. ತಲೆಯೆತ್ತಿ ನೋಡಬೇಕಾಗಿಯೇ ಇರಲಿಲ್ಲ. ಹನ್ನೆರಡು ವರ್ಷವಾದರೇನು, ಪಕ್ಕದಲ್ಲೇ ಕೂತು ಉಸಿರೆಳೆಯುತ್ತಿದ್ದವನ ದನಿ ಮರೆತೀತೇ?

"ನಾಳೆ ಬನ್ನಿ. ಹುಡುಕಿ ಇಟ್ಟಿರ್ತೀನಿ."

ಒಂದು ಕಾಲದಲ್ಲಿ 'ಲೋ ಕೋತಿ' ಎಂದು ಅವಳು ಕರೆಯುತ್ತಿದ್ದವನಿಗೆ ಈಗ 'ಬನ್ನಿ'! ಅವನ ಮುಖ ಸಪ್ಪಗಾಯಿತು. ಮೊದಲನೆಯ ಟ್ರಂಪೆಟ್ ಯಾರದೆಂದು ಅವಳಿಗೆ ಕೇಳದೆ ಇರಲಾಗಲಿಲ್ಲ. ಇನ್ನೂ ಯಾರೂ ಸಿಕ್ಕಿಲ್ಲವೆಂದು ಗೊಣಗಿ ಅವನು ಹೊರಟುಹೋದ.

ವಾದ್ಯವೃಂದದ ಸ್ವರಲಿಪಿ ಕೋಣೆಯ ಕೆಲಸ ಅವಳಿಗೆ ಅಪ್ಪನಿಂದ ಬಂದದ್ದು. ವಾದಕರು ಪುಟಗಳ ಮೇಲೆ ಪೆನ್ಸಿಲಿನಲ್ಲಿ ಏನೇನೋ ಗೀಚಿಕೊಳ್ಳುತ್ತಾರೆ. ಇಲ್ಲಿ ಉಸಿರು ತಗೋ, ಇಲ್ಲಿ ಮೆಲ್ಲಗೆ, ಇಲ್ಲಿ ನಿರ್ದೇಶಕರಿಗೆ ಸಿಟ್ಟು ಬರುತ್ತೆ... ಅದನ್ನೆಲ್ಲ ಅಳಿಸಿಯೇ ಪುಸ್ತಕವನ್ನು ಕಪಾಟಿಗೆ ಸೇರಿಸಬೇಕೆಂಬುದು ಅಪ್ಪನ ಕಟ್ಟಪ್ಪಣೆ.

ಏಣಿ ಹತ್ತಿ ಆ ಕನ್ಸರ್ಟೊ ಕೃತಿಯ ಎರಡನೇ ವಾದಕನ ಪುಸ್ತಕವನ್ನು ಇಳಿಸಿದಾಗ ಹಳೆಯ ದಿನಗಳೂ ಧೂಳಿನೊಂದಿಗೆ ಉದುರಿದವು.

ಎರಡು ಕುರ್ಚಿ, ಒಂದೇ ಸ್ಟ್ಯಾಂಡು. ಅವಳದು ಮೊದಲನೆಯ ಟ್ರಂಪೆಟ್, ಅವನದು ಎರಡನೆಯದು. ಅವಳು ಊದುವಾಗ ಅವನ ತುಟಿಗೆ ವಿಶ್ರಾಂತಿ, ಅವನು ಊದುವಾಗ ಅವಳದಕ್ಕೆ. ಪುಟ ತಿರುಗಿಸುವ ನೆಪದಲ್ಲಿ ಬೆರಳು ತಾಗಿದರೆ ಇಬ್ಬರಿಗೂ ತಾಳ ತಪ್ಪುತ್ತಿತ್ತು. ಎಷ್ಟು ಚೆನ್ನಾಗಿದ್ದವು ಆ ದಿನಗಳು!

ಆಮೇಲೆ ಆ ಸಂಜೆ. ತುಂಬಿದ ಸಭಾಂಗಣ, ನಿಧಾನಗತಿಯ ಭಾಗ, ಅವಳದೊಂದು ಉದ್ದನೆಯ ಮೇಲಿನ ಸ್ವರ. ನಡುವೆಯೇ ಅವನ ಟ್ರಂಪೆಟ್ ಆ ಸ್ವರವನ್ನು ಎತ್ತಿಕೊಂಡಿತು. ಚಪ್ಪಾಳೆ ಅವನಿಗೆ ಬಿತ್ತು.

ನನ್ನ ಸ್ವರ ಕದ್ದ... ಅವಳಿಗೆ ತೋಚಿದ್ದು ಅಷ್ಟೇ. ಅವಳ ಟ್ರಂಪೆಟ್ ಮಂಚದ ಕೆಳಗೆ ಸೇರಿತು. ಅವನು ಮೂರು ಸಲ ಮನೆಗೆ ಬಂದ. ಮೂರು ಸಲವೂ ಅವಳು ಮನೆಯಲ್ಲಿಲ್ಲವೆಂದು ಅಕ್ಕನಿಂದ ಹೇಳಿಸಿದಳು. ಕೊನೆಗೆ ಅವನು ಬೇರೆ ಊರಿನ ವಾದ್ಯವೃಂದ ಸೇರಿಕೊಂಡ. ಈಗ ಅದೇ ಕನ್ಸರ್ಟೊ ನುಡಿಸಲು ಮರಳಿ ಬಂದಿದ್ದ.

ಅವಳು ಪುಸ್ತಕ ತೆರೆದಳು. ಪೆನ್ಸಿಲ್ ಗುರುತುಗಳು ಹಾಗೆಯೇ ಇದ್ದವು! ಆ ಸ್ವರದ ಪಕ್ಕದಲ್ಲಿ, ಅಂದು ಅವಳು ಗಮನಿಸಿರದ ಅವನದೇ ಸೊಟ್ಟ ಅಕ್ಷರ:

'ಇವತ್ತು ಲಿಪ್‌ಸ್ಟಿಕ್ ಹಚ್ಚಿದಾಳೆ. ತುಟಿ ಒಡೆದಿರಬೇಕು. ಬಾಯಿ ಬಿಡಲ್ಲ ಹಠಮಾರಿ. ಸ್ವರ ನಿಂತರೆ ಮಾತ್ರ ಊದು. ಅಲ್ಲೀವರೆಗೂ ಕಾಯ್ತಿರು, ಅದು ಅವಳ ಸ್ವರ.'

ಅವಳು ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಟ್ರಂಪೆಟ್ ಊದುವವರು ಸಾಮಾನ್ಯವಾಗಿ ಲಿಪ್‌ಸ್ಟಿಕ್ ಹಚ್ಚುವುದಿಲ್ಲ. ಅತಿಯಾಗಿ ಅಭ್ಯಾಸ ಮಾಡಿ ಒಡೆದುಕೊಂಡ ತುಟಿಯನ್ನು ಅವಳು ಬಣ್ಣದಡಿ ಮುಚ್ಚಿದ್ದಳು. ಮೊದಲು ನಿಂತದ್ದು ಅವಳ ಉಸಿರೇ. ಅದು ಅವಳಿಗೂ ಗೊತ್ತಿತ್ತು, ಒಪ್ಪಿಕೊಳ್ಳುವ ಧೈರ್ಯವಿರಲಿಲ್ಲ. ಮಾನ ಉಳಿಸಿದವನನ್ನೇ ಕಳ್ಳನೆಂದೆನಲ್ಲ ಎಂದು ಅತ್ತಳು.

ಮನೆಯಲ್ಲಿ ಅಪ್ಪನನ್ನು ಕೇಳಿದಳು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

"ಓದಿದ ಮೇಲೆ ಅಳಿಸೋಕೆ ಕೈ ಬರಲಿಲ್ಲ ಮಗಳೇ. ಹೇಳೋಣ ಅಂದ್ರೆ ನೀನು ಅವನ ಹೆಸರೆತ್ತೋಕೂ ಬಿಡಲಿಲ್ಲ."

ಮರುದಿನ ಅವನು ಬಂದಾಗ ಮೇಜಿನ ಮೇಲೆ ಎರಡೂ ವಾದಕರ ಪುಸ್ತಕಗಳಿದ್ದವು. ಪಕ್ಕದಲ್ಲಿ ಉಜ್ಜಿ ಎಣ್ಣೆ ಹಾಕಿದ ಅವಳ ಟ್ರಂಪೆಟ್.

ಪುಟ ತಿರುಗಿಸಿದವನು ಕಿವಿಯವರೆಗೂ ಕೆಂಪಾದ. "ಅಳಿಸಿಲ್ವಾ?"

"ಮತ್ತೆ ಬೇಕಾಗುತ್ತೆ ಕಣೋ. ಹನ್ನೆರಡು ವರ್ಷದಿಂದ ಊದಿಲ್ಲ. ಎರಡನೇ ಸಾಲಿಗೇ ಉಸಿರು ಹೋಗುತ್ತೆ."

'ಕಣೋ' ಕೇಳಿ ಅವನ ಕಣ್ಣು ತುಂಬಿ ಬಂತು.

"ಯಾರೂ ಸಿಕ್ಕಿಲ್ಲ ಅಂದಿದ್ದು ಸುಳ್ಳು," ಎಂದ. "ನಾನು ಯಾರನ್ನೂ ಹುಡುಕೇ ಇಲ್ಲ."

"ಟ್ರಂಪೆಟ್‌ಗಾ?"

"ಯಾವುದಕ್ಕೂ."

ಅವಳು ಎರಡು ಕುರ್ಚಿಗಳನ್ನು ಒಂದೇ ಸ್ಟ್ಯಾಂಡಿನ ಮುಂದೆ ಎಳೆದಳು.

"ಈ ಸಲವೂ ನಾನು ನಡುವೆ ನಿಂತುಬಿಟ್ರೆ?"

"ನಾನಿದೀನಲ್ಲ."