ಮುಕ್ಕಾಲು ಲೋಟ ಕಿತ್ತಳೆ

"ಹೂಂ, ತಿರುಗಿ," ಅಂದ ಅಪ್ಪ.

ಬಟ್ಟೆಗೆ ಬಣ್ಣ ಹಾಕುವ ಶೆಡ್ಡಿನಲ್ಲಿದ್ದವರೆಲ್ಲ ಗೋಡೆ ಕಡೆ ತಿರುಗಿದರು. ಬಟ್ಟೆ ಹಿಂಡುವವರು, ಉಪ್ಪು ಸುರಿಯುವವರು, ತೊಟ್ಟಿಯ ಪಕ್ಕ ಉದ್ದ ಕೋಲು ಹಿಡಿದಿದ್ದ ಚಿಕ್ಕಪ್ಪ, ಎಲ್ಲರೂ. ಚಿಕ್ಕಪ್ಪನಂತೂ ನಾಳೆ ಅದರ ಮೇಲೇ ಪರೀಕ್ಷೆ ಇದೆ ಅನ್ನುವ ಹಾಗೆ ಗೋಡೆಯ ಬಿರುಕನ್ನು ನೋಡುತ್ತ ನಿಂತ.

ತಿರುಗದೆ ಇದ್ದವಳು ಒಬ್ಬಳೇ. ಊಟದ ಡಬ್ಬಿ ತಂದುಕೊಟ್ಟು, ಮಗುಚಿದ ಡ್ರಮ್ಮಿನ ಮೇಲೆ ಕಾಲಾಡಿಸುತ್ತ ಕೂತಿದ್ದ ಮಗಳು. ಅಪ್ಪ ಹೋದಲ್ಲೆಲ್ಲ ಹಿಂದೆಯೇ ಹೋಗುತ್ತಾಳೆ ಅಂತ ಶೆಡ್ಡಿನವರು ಅವಳಿಗೆ 'ಬಾಲ' ಅಂತ ಹೆಸರಿಟ್ಟಿದ್ದರು. ಬಾಲಕ್ಕೆ ಯಾರಾದರೂ ತಿರುಗು ಅನ್ನುತ್ತಾರಾ?

ಅಪ್ಪ ಸ್ಟೀಲ್ ಲೋಟದಲ್ಲಿ ಕಿತ್ತಳೆ ಬಣ್ಣ ಕದಡಿ, ಮುಕ್ಕಾಲು ಲೋಟ ಅಳೆದು, ಕಡುನೀಲಿ ತೊಟ್ಟಿಗೆ ಸುರಿದ. ಆಮೇಲೆ ಒಂದು ಬಟ್ಟೆ ಚೂರನ್ನು ಅದ್ದಿ ತೆಗೆದು, ಬಿಸಿ ಪೈಪಿನ ಮೇಲೆ ಒಣಗಿಸಿ, ಕಿಟಕಿಯ ಬೆಳಕಿಗೆ ಹಿಡಿದ. ಮಗಳ ಕಡೆ ನೋಡಿ ಕಣ್ಣು ಮಿಟುಕಿಸಿದ. ನೀಲಿ ಸರಿಯಾಗಿ ಬಂದಿತ್ತು.

"ಆಯ್ತು," ಅಂದ. ಎಲ್ಲರೂ ಈಚೆ ತಿರುಗಿದರು.

ಆ ದೇಶದಲ್ಲಿ ಕೆಲಸ ಕಲಿಯುವುದೇ ಹಾಗೆ. ಹೇಳಿಕೊಡಿ ಅಂತ ಕೇಳಬಾರದು, ಕಾಯಬೇಕು. ಕಾದು ಕಾದು ಸಾಕಾದ ಮೇಲೆ ಒಂದು ದಿನ ಮೇಸ್ತ್ರಿಯೇ "ನೀನು ತಿರುಗಬೇಡ" ಅನ್ನುತ್ತಾನೆ. ಅವತ್ತು ಶೆಡ್ಡಿಗೆಲ್ಲ ಸಿಹಿ ಹಂಚುತ್ತಾರೆ. ಅಪ್ಪನನ್ನೂ ಅವನ ಮೇಸ್ತ್ರಿ ಹಾಗೇ ಕರೆದಿದ್ದ. ಆ ದಿನದ ಕತೆಯನ್ನು ಅಪ್ಪ ಎಷ್ಟು ಸಲ ಹೇಳಿದ್ದನೆಂದರೆ ಮನೆಯವರಿಗೆಲ್ಲ ಬಾಯಿಪಾಠವಾಗಿತ್ತು.

ಹೊಸ ಮ್ಯಾನೇಜರಿಗೆ ಇದು ಅರ್ಥವಾಗಲಿಲ್ಲ. ಅವರು ಬೇರೆ ದೇಶದವರು. ಭಾಷೆಯನ್ನು ಪುಸ್ತಕದಿಂದ ಕಲಿತಿದ್ದರು. ಎಲ್ಲರನ್ನೂ ಗೆಳೆಯಾ ಅಂತ ಕರೆಯುತ್ತಿದ್ದರು, ಕಸ ಗುಡಿಸುವ ಮುದುಕಪ್ಪನನ್ನೂ. ಒಂದು ದಿನ ಶೆಡ್ಡಿನಲ್ಲಿ ದೊಡ್ಡ ಬಿಳಿ ಬೋರ್ಡ್ ಹಾಕಿಸಿ, "ಗೆಳೆಯರೇ, ನಿಮಗೆ ತಿಳಿದಿರುವುದನ್ನು ಇಲ್ಲಿ ಬರೆಯಿರಿ. ನಮ್ಮ ದೇಶದಲ್ಲಿ ಯಾರೂ ಗೋಡೆ ನೋಡುವುದಿಲ್ಲ," ಅಂದರು.

ಒಂದು ವಾರ ಕಳೆದರೂ ಬೋರ್ಡಿನಲ್ಲಿ ಇದ್ದದ್ದು ಒಂದೇ ಸಾಲು. 'ಕೈ ತೊಳೆಯಿರಿ.' ಅದನ್ನೂ ಮುದುಕಪ್ಪ ಬರೆಸಿದ್ದು.

"ಗೆಳೆಯಾ, ನೀಲಿಯ ಗುಟ್ಟನ್ನು ಬರೆಯುವಿರಾ?" ಅಂತ ಅವರು ಅಪ್ಪನನ್ನೇ ಕೇಳಿದರು.

"ಆಗ್ಲಿ ಸರ್," ಅಂದ ಅಪ್ಪ.

ಮಾರನೇ ದಿನವೂ ಕೇಳಿದರು. "ಆಗ್ಲಿ ಸರ್, ಖಂಡಿತ." ದೊಡ್ಡವರ ಮುಖಕ್ಕೆ ಇಲ್ಲ ಅನ್ನುವುದು ಅಲ್ಲಿನವರಿಗೆ ಬರುವುದಿಲ್ಲ. ಅಪ್ಪ ಬರೆಯುವುದಿಲ್ಲ ಅಂತ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮ್ಯಾನೇಜರ್ ಮಾತ್ರ ಖುಷಿಯಾಗಿ ತಲೆಯಾಡಿಸಿ ಹೋಗುತ್ತಿದ್ದರು.

ಶಾಲೆಯಲ್ಲೂ ಆಗ ಗ್ರೂಪ್ ವರ್ಕ್ ಶುರುವಾಗಿತ್ತು. ಬಾಲ ತನ್ನ ಗ್ರೂಪಿನವರಿಗೆ ಭಾಗಾಕಾರದ ಸುಲಭ ದಾರಿ ತೋರಿಸಿದಾಗ ಮಿಸ್ ಎಲ್ಲರಿಂದಲೂ ಚಪ್ಪಾಳೆ ಹೊಡೆಸಿದರು. "ಹೇಳಿಕೊಟ್ಟಿದ್ದಕ್ಕೆ ಇವಳ ಹತ್ರ ಏನಾದ್ರೂ ಕಮ್ಮಿ ಆಯ್ತಾ?"

"ಇಲ್ಲಾ ಮಿಸ್," ಅಂತ ಇಡೀ ಕ್ಲಾಸು ರಾಗ ಎಳೆಯಿತು.

ಆ ವಾರವೇ ಅಪ್ಪನಿಗೆ ಜ್ವರ ಬಂತು. ಡಾಕ್ಟರ್ ಇಂಜೆಕ್ಷನ್ ಕೊಟ್ಟರು. ಅಪ್ಪ ಮೈಮೇಲೆ ಪ್ರಜ್ಞೆಯಿಲ್ಲದ ಹಾಗೆ ಮಲಗಿದ. ಮಧ್ಯಾಹ್ನ ಬಾಲ ಊಟಕ್ಕೆ ಮನೆಗೆ ಬಂದಿದ್ದಾಗ ಚಿಕ್ಕಪ್ಪ ಓಡಿಬಂದ. ಅವನ ಕೈ ಮೊಣಕೈವರೆಗೂ ನೀಲಿ.

"ಅತ್ತಿಗೆ, ಅಣ್ಣನ್ನ ಎಬ್ಬಿಸ್ತೀರಾ?"

"ಎಬ್ಬಿಸಿದ್ರೂ ಏಳಲ್ಲಪ್ಪ. ನೀನೇ ನೋಡು," ಅಂದಳು ಅಮ್ಮ. ಎಬ್ಬಿಸಿ ನೋಡಿದರು. ಅಪ್ಪ ಏನೋ ಗೊಣಗಿ ಮಗ್ಗುಲು ಬದಲಿಸಿದ. ಅಮ್ಮ ಕಷಾಯ ಕಾಸಲು ಒಳಗೆ ಹೋದಳು.

ಚಿಕ್ಕಪ್ಪ ಹೊರಗೆ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತ. ಬಾಲ ಪಕ್ಕದಲ್ಲಿ ಕೂತಳು.

"ಏನಾಯ್ತು ಚಿಕ್ಕಪ್ಪ?"

"ನೀಲಿ ಕಡುವಾಗ್ತಾನೇ ಇಲ್ಲ ಕಣೇ. ಸಂಜೆ ಲಾರಿ ಬರತ್ತೆ. ಈ ಬಟ್ಟೆ ಕೆಟ್ರೆ ನನ್ನ ಕೆಲಸಕ್ಕೆ ಕಲ್ಲು ಬಿದ್ದ ಹಾಗೇ. ತೊಟ್ಟಿ ಮುಂದೆ ನಿಂತವನು ನಾನು ತಾನೇ?" ನೀಲಿ ಕೈಯಿಂದಲೇ ಕಣ್ಣೊರೆಸಿಕೊಂಡ. "ಇಷ್ಟು ವರ್ಷ ಪಕ್ಕದಲ್ಲೇ ನಿಂತಿದೀನಿ. ನಂಗೆ ಗೊತ್ತಿರೋದು ಆ ಗೋಡೆ ಒಂದೇ."

ದೊಡ್ಡವರು ಅಳುವುದನ್ನು ಬಾಲ ನೋಡಿರಲಿಲ್ಲ.

"ಕಿತ್ತಳೆ," ಅಂದಳು. "ಮುಕ್ಕಾಲು ಲೋಟ. ಚೂರು ಬಟ್ಟೆ ಪೈಪಿನ ಮೇಲೆ ಒಣಗಿಸು. ಟ್ಯೂಬ್‌ಲೈಟ್ ಕೆಳಗೆ ನೋಡ್ಬೇಡ, ಕಿಟಕಿ ಹತ್ರ ನೋಡು."

ಚಿಕ್ಕಪ್ಪ ಅವಳನ್ನೇ ದಿಟ್ಟಿಸಿದ. ಆಮೇಲೆ ಚಪ್ಪಲಿಯನ್ನೂ ಮರೆತು ಓಡಿದ.

ಲಾರಿ ಹೊತ್ತಿಗೆ ಸರಿಯಾಗಿ ಹೊರಟಿತು.

ಜ್ವರ ಬಿಟ್ಟ ಮೇಲೆ ಅಪ್ಪ ಶೆಡ್ಡಿಗೆ ಹೋದ. ಅವತ್ತು ಶನಿವಾರ, ಶಾಲೆ ಅರ್ಧ ದಿನ. ಬಾಲವೂ ಹಿಂದೆಯೇ ಹೋದಳು. ಬಾಗಿಲಲ್ಲೇ ಮ್ಯಾನೇಜರ್ ಅಪ್ಪನ ಎರಡೂ ಕೈ ಹಿಡಿದು ಕುಲುಕಿದರು.

"ಧನ್ಯವಾದ ಗೆಳೆಯಾ. ಕಡೆಗೂ ನೀವು ಹಂಚಿಕೊಂಡಿರಿ."

ಅಪ್ಪ ಬೋರ್ಡ್ ನೋಡಿದ. 'ಕೈ ತೊಳೆಯಿರಿ' ಕೆಳಗೆ ಚಿಕ್ಕಪ್ಪನ ಸೊಟ್ಟ ಅಕ್ಷರ. ಕಿತ್ತಳೆ, ಮುಕ್ಕಾಲು ಲೋಟ. ಬಿಸಿ ಪೈಪು. ಕಿಟಕಿ. ಯಾರು ಹೇಳಿಕೊಟ್ಟರು ಅಂತ ಮ್ಯಾನೇಜರ್ ಕೇಳಿದಾಗ, ಚಿಕ್ಕಪ್ಪ ಅಣ್ಣನೇ ಅಂದುಬಿಟ್ಟಿದ್ದ.

ಅಪ್ಪ ಬೋರ್ಡನ್ನು ಓದಿ ಮುಗಿಸಿ, ಮಗಳನ್ನು ಒಂದು ಸಲ ನೋಡಿದ. ಶೆಡ್ಡಿನಲ್ಲಿ ಗೋಡೆ ನೋಡದೆ ಇದ್ದವಳು ಅವಳೊಬ್ಬಳೇ ತಾನೇ.

"ಆಗ್ಲಿ ಸರ್," ಅಂದ ಮ್ಯಾನೇಜರಿಗೆ.

ಆ ಮಧ್ಯಾಹ್ನ ತೊಟ್ಟಿಗೆ ಕಿತ್ತಳೆ ಸುರಿದವನು ಚಿಕ್ಕಪ್ಪ. ಯಾರೂ ತಿರುಗಲಿಲ್ಲ. ಉಪ್ಪು ಸುರಿಯುವವನು ಬೀಡಾ ಅಗಿಯುತ್ತ ನೋಡಿದ. ಒಬ್ಬ ಫೋನಿನಲ್ಲಿ ವಿಡಿಯೋ ಮಾಡಿದ. "ಅಯ್ಯೋ, ಇಷ್ಟೇನಾ?" ಅಂತ ಇನ್ನೊಬ್ಬ ನಕ್ಕ. ಬಾಲ ಕೂರುತ್ತಿದ್ದ ಡ್ರಮ್ಮಿನ ಮೇಲೆ ಅವತ್ತು ಅಪ್ಪ ಕೂತಿದ್ದ. ಕೈಗೆ ಕೆಲಸವಿಲ್ಲದೆ ಅಂಗೈ ಉಜ್ಜಿಕೊಳ್ಳುತ್ತಿದ್ದ.

ಸಂಜೆ ಚಿಕ್ಕಪ್ಪ ಮನೆಗೆ ಬಂದ. ಒಳಗೆ ಬರಲಿಲ್ಲ.

"ಅಣ್ಣ, ತಪ್ಪಾಯ್ತು."

"ಮುಂದಿನ ತಿಂಗಳು ನಾನೇ ಕರೀಬೇಕು ಅಂತಿದ್ದೆ," ಅಂದ ಅಪ್ಪ. "ನೀನು ತಿರುಗಬೇಡ ಅಂತ, ಎಲ್ಲರ ಮುಂದೆ. ಸಿಹಿಗೂ ಹೇಳಿದ್ದೆ."

"ನಂಗೇನು ಗೊತ್ತಿತ್ತು ಅಣ್ಣ? ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಚಿಕ್ಕಪ್ಪ ಮೆಟ್ಟಿಲಿಳಿದು ಹೊರಟುಹೋದ. ಇಬ್ಬರಲ್ಲಿ ಯಾರ ಮಾತು ಸರಿ ಅಂತ ಬಾಲಕ್ಕೆ ಗೊತ್ತಾಗಲಿಲ್ಲ. ಇಬ್ಬರದೂ ಸರಿ ಅನ್ನಿಸಿ ಇನ್ನಷ್ಟು ಸಂಕಟವಾಯಿತು.

ಅಪ್ಪ ಬೈಯುತ್ತಾನೆ ಅಂತ ಅವಳು ಕಾದಳು. ಅಪ್ಪ ಬೈಯಲಿಲ್ಲ. ಊಟ ಮಾಡಿದೆಯಾ ಅಂತ ಕೇಳಿದ. ಬೈದುಬಿಟ್ಟಿದ್ದರೆ ಅತ್ತು ಹಗುರಾಗಬಹುದಿತ್ತು.

ಭಾನುವಾರ ಅವಳು ಶಾಲೆಗೆ ಕೊಡಬೇಕಾದ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ರಾತ್ರಿಯ ಆಕಾಶ. ಎಷ್ಟು ಕಲಸಿದರೂ ನೀಲಿ ಕಡುವಾಗಲಿಲ್ಲ. ಏನು ಹಾಕಬೇಕು ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಲಿಲ್ಲ.

"ಅಪ್ಪ, ಸ್ವಲ್ಪ ಕಲಸಿಕೊಡ್ತೀಯಾ?"

ಅಪ್ಪ ಬಂದು ತಟ್ಟೆ ತಗೊಂಡ. ಕಿತ್ತಳೆ ಟ್ಯೂಬನ್ನೂ ತಗೊಂಡ. ಮುಚ್ಚಳ ತೆಗೆಯುವ ಮೊದಲು ಅವಳಿಗೆ ಬೆನ್ನು ಮಾಡಿ ಗೋಡೆ ಕಡೆ ತಿರುಗಿದ.

ಬಚ್ಚಿಡುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಅವಳಿಗೆ ಗೊತ್ತಿತ್ತು, ಬೋರ್ಡಿಗೂ ಗೊತ್ತಿತ್ತು, ಫೋನಿಗೂ ಗೊತ್ತಿತ್ತು. ಆದರೂ ಅಪ್ಪ ತಿರುಗಿದ್ದ. ಇಷ್ಟು ದಿನ ಹಿಂದೆ ಹಿಂದೆಯೇ ಓಡಾಡಿದರೂ ಅಪ್ಪನ ಬೆನ್ನು ಇಷ್ಟು ಅಗಲ ಅಂತ ಅವಳಿಗೆ ತಿಳಿದಿರಲಿಲ್ಲ. ಏನೂ ಕಮ್ಮಿ ಆಗುವುದಿಲ್ಲ ಅಂತ ತಾನೂ ಕ್ಲಾಸಿನ ಜೊತೆ ರಾಗ ಎಳೆದದ್ದು ನೆನಪಾಯಿತು.

ಅವಳೂ ಆಚೆ ಗೋಡೆ ಕಡೆ ತಿರುಗಿ ಕೂತು, ಅಪ್ಪ "ಆಯ್ತು" ಅನ್ನುವವರೆಗೂ ಅಲ್ಲಿದ್ದ ಬಿರುಕನ್ನು ನೋಡುತ್ತ ಕಾದಳು.