ಸೂರಮ್ಮನ ಗಂಡನ ಕೈ

ಬಿಟ್ಟರೆ ಸತ್ತ!

ಅಷ್ಟೇ. ಐದು ಬೆರಳು ಸಡಿಲಿಸಿದರೆ ಸಾಕು, ಚಿಕ್ಕೀರಪ್ಪ ಸಮುದ್ರದ ಪಾಲು.

ಲಾಂಚಿನ ಕಂಬಿಗೆ ಎದೆಯೊತ್ತಿ, ಅವನ ಮಣಿಕಟ್ಟು ಹಿಡಿದು ಬಗ್ಗಿದ್ದೆ. ಅವನ ಕಾಲು ನೀರಿನಲ್ಲಿ. ಕಾಲಿನ ಹಿಂದೆ ಒಂದೇ ಮಾರು ದೂರದಲ್ಲಿ ಎಂಜಿನ್ನಿನ ಚಕ್ರ ನೊರೆ ಕಾರುತ್ತ ತಿರುಗುತ್ತಿತ್ತು. ಸೂರ್ಯ ಆಗಷ್ಟೇ ಮುಳುಗಿದ್ದ.

"ಪಾಲಾ... ಬಿಡಬ್ಯಾಡಲೇ!"

ಯಾಕೆ ಬಿಡಬಾರದು? ನೀವೇ ಹೇಳಿ ಸ್ವಾಮಿ. ಅವನು ಸೂರಮ್ಮನ ಗಂಡ!

ನಾನು ಯಾರೆಂದು ಹೇಳಿಬಿಡುತ್ತೇನೆ. ಹೆಸರು ದೊಡ್ಡಪಾಲಯ್ಯ. ಮೊಳಕಾಲ್ಮೂರು ಸೀಮೆಯ ಬಿ.ಜಿ. ಕೆರೆಯವನು. ಕಳುವಾದ ದನ ಹುಡುಕಿಕೊಡುವುದು ಕಸುಬು. ಹೆಜ್ಜೆ ನೋಡುತ್ತ ಹೋಗಿ ಕಳ್ಳನ ಬಾಗಿಲಲ್ಲಿ ನಿಲ್ಲುತ್ತೇನೆ. ಮಾತಿಗೆ ಬಗ್ಗಿದರೆ ಮಾತು. ಇಲ್ಲವೆಂದರೆ ದೊಣ್ಣೆ.

ಸೂರಮ್ಮ ನಮ್ಮೂರವಳು. ಬಾಯಿಬಿಟ್ಟು ಕೇಳಲು ನಾನು ಹಿಂದೆ ಮುಂದೆ ನೋಡುತ್ತಿರುವಾಗಲೇ ಮೊಳಕಾಲ್ಮೂರಿನಿಂದ ಚಿಕ್ಕೀರಪ್ಪನ ಅಪ್ಪ ಎಲೆ ಅಡಿಕೆ ಹಿಡಿದು ಬಂದಿದ್ದ. ಮದುವೆಯಲ್ಲಿ ನಾನೇ ಬಡಿಸಿದೆ.

ನಗುತ್ತಲೇ ಬಡಿಸಿದೆ!

ಆ ಮದುವೆಯಾಗಿ ಎಂಟು ವರ್ಷಕ್ಕೆ, ಸಾವಿರದ ಒಂಬೈನೂರ ಒಂಬತ್ತರಲ್ಲಿ, ನಾವು ಮೂವರು ಗೆಳೆಯರು ಸಿಲೋನಿಗೆ ಹೋದೆವು. ಚಳ್ಳಕೆರೆಯ ಗಾದ್ರಪ್ಪ ಕಂಬಳಿ ವ್ಯಾಪಾರಿ, ಅಲ್ಲಿನ ಟೀ ತೋಟಗಳಿಗೆ ಮಾಲು ಕೊಡುವವನು. ಚಿಕ್ಕೀರಪ್ಪ ರೇಷ್ಮೆ ಸೀರೆಯ ಗಂಟು ತಂದಿದ್ದ. ನಾನು ಕಾವಲಿಗೆ. ಮಾಲೆಲ್ಲ ಖರ್ಚಾದ ಮೇಲೆ ಗಾದ್ರಪ್ಪನೇ ಬಾಯಿ ತೆಗೆದ.

"ತ್ರಿಕೋನಮಲೆ ಅಂತ ಐತಂತೆ ಕಣ್ರಲೇ. ಸಾಯಂಕಾಲ ಲಾಂಚ್ ಹತ್ತಿದ್ರೆ ರಾತ್ರಿಯೆಲ್ಲ ಕೊಲ್ಲಿ ಸುತ್ತಿಸಿ, ಬೆಳಗ್ಗೆ ನೀರಿಂದ್ಲೇ ಶಿವನ ಬಂಡೆ ತೋರಿಸ್ತಾರಂತೆ. ಹೋಗಾನ?"

ತೂತುಕುಡಿಯಿಂದ ಬರುವಾಗ ಹಡಗಿನ ತುಂಬ ವಾಂತಿ ಮಾಡಿಕೊಂಡು, ಸಮುದ್ರವನ್ನೇ ಸರಿಯಾಗಿ ನೋಡದ ಜನ ನಾವು. ಸರಿ, ಹೋದೆವು.

ಲಾಂಚು ದಡ ಬಿಟ್ಟಿದ್ದೇ ತಡ, ಚಿಕ್ಕೀರಪ್ಪ ಬುತ್ತಿ ಬಿಚ್ಚಿದ. ತಿಂಗಳಾದರೂ ಕೆಡದ ಒಣ ಸಜ್ಜೆ ರೊಟ್ಟಿ, ಶೇಂಗಾ ಪುಡಿ.

"ಸೂರಿ ತಟ್ಟಿದ್ದು. ತಿನ್ರಲೇ!"

ತಿಂದೆ. ಒಂದೊಂದು ಚೂರೂ ಕೆಂಡ.

"ಹೊರಡೋ ದಿನ ಬಾಗ್ಲ ಹಿಂದೆ ನಿಂತು ಅತ್ತಳು ಕಣಲೇ..."

ಯಾರು ಕೇಳಿದರು ನಿನ್ನನ್ನ?

"ನಾನಿಲ್ದಿದ್ರೆ ಉಣ್ಣೋದೇ ಇಲ್ಲ ಅವ್ಳು..."

ಇನ್ನೊಂದು ಮಾತು ಕೇಳಿದ್ದರೆ ಹಲ್ಲು ಉದುರಿಸುತ್ತಿದ್ದೆ. ಎದ್ದು ಲಾಂಚಿನ ಮುಂತುದಿಗೆ ಹೋಗಿ ಕೂತೆ. ಒಂದು ಬೀಡಿ ಮುಗಿದಿರಲಿಲ್ಲ... ಹಿಂದಿನಿಂದ ಕೂಗು! ಓಡಿದೆ. ಕಂಬಿಯ ಆಚೆ ಒಂದು ಕೈ ಮಾತ್ರ ಕಾಣುತ್ತಿತ್ತು. ಹಾರಿ ಹಿಡಿದೆ.

ಹಿಡಿದ ಮೇಲೆ ನೆನಪಾಯಿತು, ಅದು ಯಾರ ಕೈ ಎಂದು.

"ಕೈ ಜಾರ್ತೈತೆ ಪಾಲಾ..."

ಜಾರುತ್ತಿರಲಿಲ್ಲ ಸ್ವಾಮಿ. ನಾನೇ ಸಡಿಲ ಬಿಡುತ್ತಿದ್ದೆ! ಕಿರುಬೆರಳು ಬಿಟ್ಟೆ. ಅದರ ಪಕ್ಕದ್ದೂ ಬಿಟ್ಟೆ...

ಆಗ ಅವನು ತಲೆಯೆತ್ತಿ ನನ್ನನ್ನೇ ನೋಡಿದ. "ನಾನು ಹೋದ್ರೆ... ಸೂರೀನ ನೀನೇ ನೋಡ್ಕಳಲೇ."

ರೇಗಿಹೋಯಿತು ನನಗೆ! ಅವಳನ್ನು ನನಗೆ ಒಪ್ಪಿಸಲು ಇವನ್ಯಾರು? ಸಾಯುವಾಗಲೂ ಇವನೇ ದೊಡ್ಡವನಾಗಬೇಕೆ? ಇವನು ಹಾಕಿದ ಭಿಕ್ಷೆಯಲ್ಲಿ ನಾನು ಬದುಕಬೇಕೆ?

ಆ ಸಿಟ್ಟಿನಲ್ಲೇ ಎಳೆದೆ. ಬಾವಿಯಿಂದ ಕೊಡ ಸೇದಿದ ಹಾಗೆ ಎಳೆದು ಡೆಕ್ಕಿನ ಮೇಲೆ ಕೆಡವಿದೆ.

"ಯಾರೋ ಒದ್ರು... ಹಿಂದ್ಲಿಂದ ಸೊಂಟಕ್ಕೆ ಒದ್ರು..." ಅಂದವನು ಹಾಗೇ ಕಣ್ಣು ಮುಚ್ಚಿದ. ಉಸಿರಿತ್ತು.

"ಇವ್ನೇ!"

ತಿರುಗಿದೆ. ಗಾದ್ರಪ್ಪ! ಬೆರಳು ನನ್ನ ಕಡೆಗೆ.

"ಇವ್ನೇ ನೂಕಿದ್ದು! ಚಿಕ್ಕೀರಪ್ಪನ ಹೆಂಡ್ತಿ ಮೇಲೆ ಎಂಟು ವರ್ಷದಿಂದ ಕಣ್ಣು ಐತೆ ಇವಂಗೆ!"

ಲಾಂಚಿನ ಸಾರಂಗ, ಅಂದರೆ ಅದನ್ನು ನಡೆಸುವವನು, ಕಾಕಿನಾಡದ ಆಳು. ಅವನಿಗೆ ಅದನ್ನೇ ತೆಲುಗಿನಲ್ಲೂ ಅರಚಿದ ಗಾದ್ರಪ್ಪ. ಸಾರಂಗ ಕಬ್ಬಿಣದ ಸರಳು ಎತ್ತಿಕೊಂಡ. ಅವನ ಹಿಂದೆ ನಾಲ್ಕು ಜನ ಖಲಾಸಿಗಳು.

"ಆಗರಾ!"

ನಿಲ್ಲುವುದೇ? ಓಡಿದೆ! ಲಾಂಚಿನಲ್ಲಿ ಓಡಿ ಎಲ್ಲಿಗೆ ಹೋಗುತ್ತೀರಿ? ಬಾಯ್ಲರ್ ಸುತ್ತ ಒಂದು ಸುತ್ತು. ಸರಳು ಭುಜಕ್ಕೆ ಬಿತ್ತು. ಚಾವಣಿ ಹತ್ತಿದೆ. ಒಬ್ಬ ಕಾಲು ಹಿಡಿದ, ಮೂತಿಗೆ ಒದ್ದೆ. ಆಚೆ ಬದಿಗೆ ಧುಮುಕಿದೆ. ಓಡುತ್ತಲೇ ತಲೆಯೂ ಓಡುತ್ತಿತ್ತು. ಸೂರಮ್ಮನ ಹೆಸರನ್ನು ನಾನು ಯಾರ ಮುಂದೆಯೂ ಎತ್ತಿದವನಲ್ಲ. ಗಾದ್ರಪ್ಪನಿಗೆ ಹೇಗೆ ಗೊತ್ತಾಯಿತು?

ನನ್ನ ಕಣ್ಣು ಎಲ್ಲಿಗೆ ಹೋಗುತ್ತದೆಂದು ತಿಳಿಯಬೇಕಾದರೆ ಅವನ ಕಣ್ಣೂ ಅಲ್ಲೇ ಇರಬೇಕು!

ಚಿಕ್ಕೀರಪ್ಪ ಬಿದ್ದ ಜಾಗಕ್ಕೇ ಬಂದು ನಿಂತೆ. ಕಲ್ಲಿದ್ದಲ ಚೀಲಗಳ ಪಕ್ಕ. ಒದ್ದೆ ಹಲಗೆಯ ಮೇಲೆ ಕರಿಪುಡಿ ಕೆಸರಾಗಿತ್ತು. ಕೆಸರಿನಲ್ಲಿ ಹೆಜ್ಜೆ!

"ದೀಪಂ ತೆಂಡಿ!" ಎಂದು ಕೂಗಿದೆ. "ಹೊಡೆಯೋದು ಆಮ್ಯಾಲೆ. ಮೊದ್ಲು ನೋಡು!"

ತೆಲುಗು ಕೇಳಿ ಸಾರಂಗ ತಡೆದು ನಿಂತ. ಲಾಟೀನು ತಂದ.

"ಓಡಿಬಂದ ಹೆಜ್ಜೆ ಇವು. ತುದಿಗಾಲು. ನನ್ನವು." ಅವನ ತೆಲುಗಿನಲ್ಲೇ ಹೇಳುತ್ತ ಕಾಲಿಟ್ಟು ತೋರಿಸಿದೆ. "ಇಲ್ಲಿ ನೋಡು, ಎಡಗಾಲು ಒಂದೇ ಐತೆ. ಹಿಮ್ಮಡಿ ಆಳಕ್ಕೆ ಹೂತೈತೆ. ಬಲಗಾಲು ಎಲ್ಲಿ? ಗಾಳಿಯಾಗೆ! ಒದೆಯೋನು ಒಂಟಿಕಾಲಲ್ಲಿ ನಿಂತಿರ್ತಾನೆ."

ಆ ಎಡಗಾಲಿನ ಹೆಬ್ಬೆರಳು ಒಳಕ್ಕೆ ಸೊಟ್ಟಗಿತ್ತು. ಗಾದ್ರಪ್ಪ ಹತ್ತು ವರ್ಷದವನಿದ್ದಾಗ ಚಳ್ಳಕೆರೆ ಸಂತೆಯಲ್ಲಿ ಎತ್ತು ತುಳಿದ ಬೆರಳು. ಆವತ್ತು ಅವನನ್ನು ಹೊತ್ತುಕೊಂಡು ಮನೆ ಮುಟ್ಟಿಸಿದವನೇ ನಾನು.

"ಕಾಲಿಡು ಗಾದ್ರಾ."

ಅವನು ಇಡಲಿಲ್ಲ. ಖಲಾಸಿಗಳೇ ಹಿಡಿದು ಇಡಿಸಿದರು. ಅಚ್ಚು ಹೊಯ್ದಂತೆ ಕೂತಿತು!

ಗಾದ್ರಪ್ಪ ನಕ್ಕ. "ನೀನು ಕೈ ಬಿಟ್ಟಿದ್ರೆ ಆಗ್ತಿತ್ತಲ್ಲೋ ಪಾಲಾ. ಬಿಡ್ತೀಯ ಅಂದ್ಕಂಡಿದ್ದೆ."

"ಬಿಟ್ಟಿದ್ರೆ?"

"ಆಮ್ಯಾಲೆ ನಿನ್ನ ಸರದಿ."

ಅವನನ್ನು ಕಂಬಕ್ಕೆ ಕಟ್ಟಿದರು. ಅಷ್ಟರಲ್ಲಿ ಚಿಕ್ಕೀರಪ್ಪ ಎಚ್ಚೆತ್ತು ನಡೆದದ್ದೆಲ್ಲ ಕೇಳಿ ತಿಳಿದಿದ್ದ. ರಾತ್ರಿಯೆಲ್ಲ ಲಾಂಚು ಕೊಲ್ಲಿ ಸುತ್ತಿತು. ಮೂವರೂ ಮಲಗಲಿಲ್ಲ, ಮೂವರ ತಲೆಯಲ್ಲೂ ಒಬ್ಬಳೇ. ಅವಳ ಮೇಲೆ ಹಕ್ಕಿದ್ದವನು ಮಾತ್ರ ಕಂಬಳಿ ಹೊದ್ದು ಬೆಚ್ಚಗಿದ್ದ. ಅದನ್ನೂ ನಾನೇ ಹೊದಿಸಿದ್ದೆ!

ಬೆಳಕು ಹರಿಯಿತು. ಶಿವನ ಬಂಡೆ ಸಮುದ್ರದಿಂದ ಸೀದಾ ಮೇಲೆದ್ದು ನಿಂತಿತ್ತು. ಎಲ್ಲರೂ ಕೈ ಮುಗಿದರು.

"ಪೊಲೀಸ್ನೋರು ಬ್ಯಾಡಲೇ," ಅಂದ ಚಿಕ್ಕೀರಪ್ಪ. "ಕಚೇರಿಗೆ ಹೋದ್ರೆ ಅವ್ಳ ಹೆಸ್ರು ಊರ ಬಾಯಿಗೆ ಬೀಳ್ತೈತೆ."

ದಡದಲ್ಲಿ ಗಾದ್ರಪ್ಪನ ಕಟ್ಟು ಬಿಚ್ಚಿಸಿದೆ. "ಇಲ್ಲೇ ಎಲ್ಲಾರ ಬದುಕ್ಕ. ಚಳ್ಳಕೆರೆ ಮಣ್ಣಾಗೆ ನಿನ್ನ ಹೆಜ್ಜೆ ಕಂಡ್ರೆ... ನನ್ನ ಕಸುಬು ನಿನಗೆ ಗೊತ್ತೈತೆ."

ಅವನು ಮತ್ತೆ ಬರಲಿಲ್ಲ.

ಊರಿಗೆ ಮರಳುವ ಹಡಗಿನಲ್ಲಿ ಚಿಕ್ಕೀರಪ್ಪ ಮೆಲ್ಲಗೆ ಕೇಳಿದ. "ಗಾದ್ರ ನಿನ್ನ ಬಗ್ಗೆ ಅಂದದ್ದು... ನಿಜಾನೇನಲೇ?"

"ಸುಳ್ಳು."

"ನಂಗೊತ್ತಿತ್ತು ಬಿಡು."

ಹಾಳಾದವನು! ನಂಬಿಯೇಬಿಟ್ಟ!

ಮೊಳಕಾಲ್ಮೂರಿನ ಮನೆ ಬಾಗಿಲಲ್ಲಿ ಸೂರಮ್ಮ ಎಲ್ಲ ಕೇಳಿದಳು. ನನ್ನ ಕಾಲು ಮುಟ್ಟಿದಳು. ಎಂಟು ವರ್ಷದಲ್ಲಿ ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದಳು.

"ನನ್ನ ತಾಳಿ ಉಳಿಸ್ದೆ ಅಣ್ಣಾ!"

ಅಣ್ಣ!

ಈಗ ಅವಳಿಗೆ ಆರು ಮಕ್ಕಳು ಸ್ವಾಮಿ. ಆರೂ ನನ್ನನ್ನ ಸೋದರಮಾವ ಅಂತಲೇ ಕರೆಯುತ್ತವೆ.